ಲ್ಯಾಪ್‌ಟಾಪಿಗೊಂದು ಕೈ ಬಣ್ಣ

ಲ್ಯಾಪ್‌ಟಾಪಿಗೆ ಬಣ್ಣ ಹೊಡೆಸ್ತೀನಿ ಅಂದರೆ ಜನ ನಗ್ತಾರೆ. ಗೋಡೆಗೆ ಹೊಡೆಸಿದರೆ ನಗಲ್ಲ, ಸ್ಕೂಟರಿಗೆ ಹೊಡೆಸಿದರೆ ನಗಲ್ಲ, ತಲೆಕೂದಲಿಗೆ ಹಚ್ಚಿಕೊಂಡರಂತೂ "ವಯಸ್ಸೇ ಗೊತ್ತಾಗಲ್ಲ ನೋಡಿ" ಅಂತ ಹೊಗಳ್ತಾರೆ. ಆದರೆ ದಿನಾ ಎಂಟು-ಹತ್ತು ಗಂಟೆ ಕೈ ಊರಿಕೊಂಡು ಕೂರುವ ವಸ್ತುವಿನ ಬಣ್ಣ ಕಿತ್ತುಹೋದರೆ ಮಾತ್ರ ಎಲ್ಲರದ್ದೂ ಒಂದೇ ಉಪದೇಶ: "ಹೊಸಾದು ತಗೊಂಡುಬಿಡ್ರೀ, ಇಎಂಐ ಇದೆಯಲ್ಲ!"

ನನ್ನ ವಾದ ಇಷ್ಟೇ. ಒಳಗಿನ ಯಂತ್ರ ಗಟ್ಟಿಯಾಗಿದ್ದು ಮೇಲಿನ ಚರ್ಮ ಮಾತ್ರ ಹಳತಾಗಿದ್ದರೆ ಅದಕ್ಕೊಂದು ಕೈ ಬಣ್ಣ ಹೊಡೆದು ಇನ್ನೂ ಮೂರ್ನಾಲ್ಕು ವರ್ಷ ದುಡಿಸಿಕೊಳ್ಳಿ. ಆದರೆ ಆ ಬಣ್ಣ ಇಟ್ಟುಕೊಳ್ಳೋಕೆ ಹೊಡೆದಿದ್ದಾಗಿರಬೇಕು. ಮಾರೋಕೆ ಹೊಡೆದಿದ್ದಾದರೆ ಬಾಯಿಬಿಟ್ಟು ಹೇಳಿ ಮಾರಬೇಕು. ಈ ಎರಡನೇ ಮಾತಿಗೆ ಒಂದು ಕಾರಣ ಇದೆ, ಆಮೇಲೆ ಹೇಳ್ತೀನಿ.

ಈಗ ಯಾಕೆ ಈ ವಿಷಯ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ಅದರ ಹಿಂದೆಮುಂದೆ ನಮ್ಮ ಸೊಸೈಟಿಯಲ್ಲಿ ಹಳೇ ಲ್ಯಾಪ್‌ಟಾಪುಗಳದ್ದೊಂದು ಜಾತ್ರೆಯೇ ಆಯಿತು. ರದ್ದಿಯವನಿಗೆ ಕೊಟ್ಟವರೆಷ್ಟೋ, ಕೆಲಸದವಳ ಮಗನಿಗೆ ದಾನ ಮಾಡಿ ಪುಣ್ಯ ಕಟ್ಟಿಕೊಂಡವರೆಷ್ಟೋ. ವಿಚಾರಿಸಿ ನೋಡಿದರೆ ಅರ್ಧ ಜನಕ್ಕೆ ವಿಂಡೋಸಿನದ್ದು ಬರೀ ನೆಪ. ಲಿನಕ್ಸ್ ಹಾಕಿಕೊಂಡರೆ ಓಡುವ ಯಂತ್ರಗಳೇ ಅವೆಲ್ಲ. ನಿಜವಾದ ಕಾರಣ ಏನಪ್ಪಾ ಅಂದರೆ, ಅಂಗೈ ಇಡುವ ಜಾಗದಲ್ಲಿ ಬೆಳ್ಳಿಬಣ್ಣ ಹೋಗಿ ಕರೀ ಪ್ಲಾಸ್ಟಿಕ್ ಕಾಣ್ತಿತ್ತು, ಮುಚ್ಚಳದ ಮೂಲೆಗಳು ತುರಿಕಜ್ಜಿ ಬಂದ ನಾಯಿಯ ಹಾಗಾಗಿದ್ದವು, ಮೀಟಿಂಗಿನಲ್ಲಿ ತೆಗೆಯೋಕೆ ನಾಚಿಕೆ ಆಗ್ತಿತ್ತು. ಒಂದು ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಗಾಳಿಗೆ ಬಿಡುವ ಇಂಗಾಲದಲ್ಲಿ ಬಹುಪಾಲು ಅದನ್ನು ತಯಾರು ಮಾಡುವಾಗಲೇ ಹೋಗಿಬಿಟ್ಟಿರತ್ತೆ, ನಾವು ಮನೆಯಲ್ಲಿ ಸುಡುವ ಕರೆಂಟಿನಿಂದಲ್ಲ. ಅಂದರೆ ನಾಚಿಕೆಗೆ ಹೆದರಿ ಎಸೆದದ್ದು ಅಷ್ಟನ್ನೂ ಎಸೆದ ಹಾಗೆ.

ನಾವು ಹಳ್ಳಿಯಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸಬೇಕಾಗಿತ್ತು. ಕಲಾಯಿ ಹಾಕುವವನು ಓಣಿಗೆ ಬಂದು ತಿದಿ ಒತ್ತುತ್ತಾ ಕೂತರೆ ನಮ್ಮ ಅವ್ವ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಕೆಳಗಿಳಿಸ್ತಿದ್ದಳು. ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಸವರಿ ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ! ಆ ಬಿಳೀ ಹೊಗೆಯ ವಾಸನೆ ಈಗಲೂ ಮೂಗಿನಲ್ಲಿದೆ. ಹುಳಿ ಹಾಕಿದ ಸಾರು ಹಿತ್ತಾಳೆಗೆ ತಾಕಿ ಕಿಲುಬು ಏಳಬಾರದು ಅಂತ ಆ ಕಲಾಯಿ, ಅದು ಬರೀ ಅಲಂಕಾರ ಅಲ್ಲ, ಒಪ್ಪಿದೆ. ಆದರೆ ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು ಬಣ್ಣ ಹಚ್ಚುತ್ತಿದ್ದದ್ದು? ಅದರಿಂದ ಎತ್ತು ಹೆಚ್ಚು ಉಳುತ್ತದೆಯೇ? ಇಲ್ಲ. ದುಡಿಯುವ ಪ್ರಾಣಿ ವರ್ಷಕ್ಕೊಮ್ಮೆ ಊರ ಮುಂದೆ ಮರ್ಯಾದೆಯಿಂದ ನಡೀಲಿ ಅಂತ.

ಇನ್ನೂ ಹತ್ತಿರದ್ದು ಬೇಕೆಂದರೆ ನಮ್ಮ ಟ್ರಂಕು. ಪುಣೆಗೆ ಬಂದ ನಮ್ಮ ಕಾಲದ ಹುಡುಗರೆಲ್ಲ ಒಂದೊಂದು ತಗಡಿನ ಟ್ರಂಕು ಹಿಡಿದೇ ಇಳಿದವರಲ್ಲವೇ? ನನ್ನದು ಮೊದಲು ಕಾಕಾನದ್ದು. ಅವರ ಹೆಸರಿನ ಮೇಲೆ ಹಸಿರು ಬಣ್ಣ ಹೊಡೆಸಿ, ಬೋರ್ಡ್ ಬರೆಯುವವನ ಕಡೆಯಿಂದ ಬಿಳೀ ಅಕ್ಷರದಲ್ಲಿ ನನ್ನ ಹೆಸರು ಬರೆಸಿ ಕೊಟ್ಟರು. ಕೆಳಗಿನ ಹೆಸರು ಉಬ್ಬಾಗಿ ಕಾಣ್ತಾನೇ ಇತ್ತು. ಯಾರಿಗೂ ಅದು ಮೋಸ ಅನ್ನಿಸಲಿಲ್ಲ, ನನಗೆ ನಾಚಿಕೆಯೂ ಆಗಲಿಲ್ಲ.

ಸರಿ, ಲ್ಯಾಪ್‌ಟಾಪಿಗೆ ಬರೋಣ. ಬಣ್ಣ ಯಾಕೆ ಹೋಗತ್ತೆ ಅನ್ನೋದು ಮೊದಲು ಗೊತ್ತಾಗಬೇಕು, ಯಾಕಂದರೆ ಎಲ್ಲದಕ್ಕೂ ಒಂದೇ ಮದ್ದಲ್ಲ. ಮೇಲೆ ಕೂತ ಬಣ್ಣ ಬೇರೆ, ಒಳಗೆ ಇಳಿದ ಬಣ್ಣ ಬೇರೆ. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ಗೊತ್ತಲ್ಲ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು, 1962ರಿಂದ ದೇಶದ ಚುನಾವಣೆಗೆಲ್ಲ ಬೆರಳಿನ ಶಾಯಿ ಕೊಡ್ತಿರೋದು. ಆ ಶಾಯಿ ಎಷ್ಟು ತಿಕ್ಕಿದರೂ ಹೋಗಲ್ಲ, ಯಾಕಂದರೆ ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದ ಜೊತೆಗೇ ಕೂಡಿಕೊಂಡು ಬಿಸಿಲಿಗೆ ಕಪ್ಪಾಗತ್ತೆ. ಚರ್ಮ ಉದುರಿ ಉಗುರು ಬೆಳೆದಾಗಲೇ ಅದಕ್ಕೆ ಮುಕ್ತಿ. ಪ್ಲಾಸ್ಟಿಕ್ ಲ್ಯಾಪ್‌ಟಾಪಿನ ಬೆಳ್ಳಿಬಣ್ಣ ಹಾಗಲ್ಲ, ಅದು ಮೇಲೆ ಹೊದ್ದ ತೆಳ್ಳಗಿನ ಶಾಲು. ಅಂಗೈ ಬೆವರು, ಎಣ್ಣೆ, ಕೈಬಳೆ, ಗಡಿಯಾರದ ಕೊಂಡಿ ಎಲ್ಲ ಸೇರಿ ಎರಡು ಮೂರು ವರ್ಷದಲ್ಲಿ ಅದನ್ನು ಕಿತ್ತುಬಿಡ್ತವೆ. ದೊಡ್ಡ ದೊಡ್ಡವರದ್ದೂ ಇದೇ ಗತಿ. ಆಪಲ್‌ನವರು 2001ರಲ್ಲಿ ತಂದ ಟೈಟಾನಿಯಂ ಪವರ್‌ಬುಕ್‌ನ ಅಂಚಿನ ಬಣ್ಣ ಚಕ್ಕೆ ಚಕ್ಕೆ ಏಳ್ತಿದ್ದದ್ದು ಆ ಕಾಲಕ್ಕೆ ಪ್ರಸಿದ್ಧ. 2003ರಲ್ಲಿ ಅವರು ಅಲ್ಯೂಮಿನಿಯಂ ಮೈಗೆ ಹೋದರು. ಅದೇ ಕಂಪನಿಯ 2001ರ ಬಿಳೀ ಐಬುಕ್ ನೋಡಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಬದಿಗೆ ಬಿಳಿ ಹೊಡೆದಿದ್ದರು. ಮೇಲೆ ಎಷ್ಟು ಗೀರು ಬಿದ್ದರೂ ಬಣ್ಣಕ್ಕೆ ಕೈಯೇ ತಾಕಲ್ಲ! ಇದನ್ನು ಯೋಚಿಸಿದವನಿಗೆ ಒಂದು ಶಾಲು ಹೊದಿಸಬೇಕು.

ಅಲ್ಯೂಮಿನಿಯಂ ಮೈಯದ್ದು ಮೂರನೇ ಜಾತಿ. ಅಲ್ಲಿರೋದು ಪೇಂಟ್ ಅಲ್ಲ, ಲೋಹದ ಮೇಲ್ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಪದರ ಮಾಡಿ, ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಬಣ್ಣ ಇಳಿಸಿ ಮುಚ್ಚಿರ್ತಾರೆ. ಬೆರಳಿನ ಶಾಯಿಗೆ ದೂರದ ನೆಂಟ ಅನ್ನಿ. ಅದಕ್ಕೆ ಗೀರು ಬಿದ್ದರೆ ಮನೆಯಲ್ಲಿ ಕೂತು ಅದೇ ಬಣ್ಣ ಮತ್ತೆ ತರೋಕಾಗಲ್ಲ. ಅದನ್ನು ಹಾಗೇ ಬಿಟ್ಟುಬಿಡಿ ಅನ್ನೋದು ನನ್ನ ಸಲಹೆ.

ಎಲ್ಲಕ್ಕಿಂತ ಹೇಸಿಗೆ ಅಂದರೆ ರಬ್ಬರಿನ ಹಾಗೆ ಮೆತ್ತಗಿರುವ ಲೇಪದ್ದು. ಹೊಸದರಲ್ಲಿ ಮುಟ್ಟಿದರೆ ಪೀಚ್ ಹಣ್ಣಿನ ಹಾಗೆ ಹಿತ. ಐದಾರು ಮಳೆಗಾಲ ಕಳೆದ ಮೇಲೆ ಅದರಲ್ಲಿರುವ ಪಾಲಿಯುರೆಥೇನ್ ಗಾಳಿಯ ತೇವಕ್ಕೆ ಒಡೆದು ಬೆಲ್ಲದ ಪಾಕದ ಹಾಗೆ ಅಂಟಂಟು. ಜನ ಅದನ್ನು ಕೊಳೆ ಅಂದುಕೊಂಡು ಸೋಪು ಹಾಕಿ ತಿಕ್ಕಿ ತಿಕ್ಕಿ ಸಾಕಾಗಿ ಎಸೀತಾರೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಮೆಡಿಕಲ್ ಅಂಗಡಿಯಲ್ಲೋ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲೋ ಸಿಗತ್ತೆ. ಹಳೇ ಬನಿಯನ್ ಬಟ್ಟೆಗೆ ಅದನ್ನು ತಾಗಿಸಿ, ಯಂತ್ರ ಆಫ್ ಮಾಡಿ, ತಾಳ್ಮೆಯಿಂದ ಒರೆಸಿದರೆ ಅಷ್ಟೂ ಕಿತ್ತು ಬಂದು ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಸಿಗತ್ತೆ. ಎಷ್ಟೋ ಸಲ ಅಷ್ಟೇ ಸಾಕು, ಬಣ್ಣವೂ ಬೇಡ. ಅಸಿಟೋನ್, ಅಂದರೆ ಉಗುರು ಬಣ್ಣ ತೆಗೆಯೋ ದ್ರವ, ಅಥವಾ ಪೇಂಟ್ ಅಂಗಡಿಯ ಥಿನ್ನರ್ ಮಾತ್ರ ಹಾಕಬೇಡಿ. ಲ್ಯಾಪ್‌ಟಾಪಿನ ಎಬಿಎಸ್ ಪ್ಲಾಸ್ಟಿಕ್ಕನ್ನೇ ಅದು ಕರಗಿಸಿಬಿಡತ್ತೆ.

ನಮ್ಮ ಕೊಂಢವಾದಲ್ಲಿ ಈ ಕೆಲಸ ಯಾರು ಮಾಡ್ತಾರೆ? ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವರು ಮಾಡಲ್ಲ, ಕೇಳಿದರೆ ಸ್ಟಿಕ್ಕರ್ ಅಂಟಿಸಿಕೊಳ್ಳಿ ಅಂತಾರೆ. ಮಾಡೋರು ಗ್ಯಾರೇಜಿನವರು. ಈ ಊರು ಮೊದಲಿಂದ ಗಾಡಿಗಳ ಊರಲ್ಲವೇ? ಪಿಂಪ್ರಿ, ಆಕುರ್ಡಿ, ಚಾಕಣದ ಕಡೆ ಕಾರ್ಖಾನೆಗಳಾದರೆ, ಅಲ್ಲಿ ತಯಾರಾದ ಗಾಡಿ ಗುದ್ದಿಸಿಕೊಂಡು ಬರೋದು ನಮ್ಮಂಥ ಬಡಾವಣೆಗಳ ಡೆಂಟಿಂಗ್-ಪೇಂಟಿಂಗ್ ಶೆಡ್ಡುಗಳಿಗೆ. ಕೊಂಢವಾ ಖುರ್ದದಿಂದ ಬುದ್ರುಕ್‌ವರೆಗೆ ನಡೆದು ಹೋದರೆ ಅಂಥವು ಎಷ್ಟೋ ಸಿಗ್ತವೆ. (ಹೊಸದಾಗಿ ಬಂದವರಿಗೆ: ಖುರ್ದ್ ಅಂದರೆ ಚಿಕ್ಕದು, ಬುದ್ರುಕ್ ಅಂದರೆ ದೊಡ್ಡದು. ಫಾರಸಿ ಮಾತು, ಬುಜುರ್ಗ್ ಅನ್ನೋದೇ ಬಾಯಲ್ಲಿ ಸವೆದು ಬುದ್ರುಕ್ ಆಗಿದೆ. ನಮ್ಮ ಕಡೆ ಊರಿನ ಹೆಸರಿಗೆ ಹಿರೇ, ಚಿಕ್ಕ ಅಂತ ಸೇರಿಸ್ತಾರಲ್ಲ, ಹಾಗೆ.) ಖಡಿ ಮಷೀನ್ ಚೌಕದ ಹತ್ತಿರದ ಒಂದು ಶೆಡ್ಡಿನ ಪೇಂಟರ್ ನಮ್ಮ ಆಳಂದ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ನಾನು ಚಾಚಾ ಅಂತೀನಿ. ಮುಚ್ಚಳ ಕೈಗಿಟ್ಟಾಗ ತಿರುಗಿಸಿ ಮುರುಗಿಸಿ ನೋಡಿದರು.

"ಗಾಡಿ ಎಲ್ಲೈತ್ರೀ ಸರ?"

"ಗಾಡಿ ಅಲ್ಲ ಚಾಚಾ, ಇದಕ್ಕೇ ಹೊಡೀಬೇಕು."

"ಇದಕ್ಕಾ?" ಅಂದವರು ಉಗುರಿನಿಂದ ಕೆರೆದು ನೋಡಿದರು. "ಬಂಪರ್ ಇದ್ದಂಗ ಐತಿ ತಗೋರಿ. ಬಣ್ಣಾ ಹೊಡಿಯೋದು ಅರ್ಧ ತಾಸಿಂದು. ತಿಕ್ಕೋದು ಅರ್ಧ ದಿನದ್ದು. ತಿಕ್ಕಾಕ ನೀವ ಕೂಡ್ರಿ, ರೊಕ್ಕ ಕಡಿಮಿ ಆಗತೈತಿ."

ಇಡೀ ವಿದ್ಯೆ ಆ ಒಂದು ಮಾತಿನಲ್ಲಿದೆ. ಬಣ್ಣ ನಿಲ್ಲೋದು ಬಣ್ಣದಿಂದಲ್ಲ, ಕೆಳಗಿನ ತಯಾರಿಯಿಂದ. ಮೊದಲು ಮುಚ್ಚಳವನ್ನು ಬೇರೆ ಮಾಡಬೇಕು. ಬ್ಯಾಟರಿ, ಸ್ಕ್ರೀನು, ವೈರು ಯಾವುದೂ ಅದಕ್ಕೆ ಅಂಟಿಕೊಂಡಿರಬಾರದು. ಪಾತ್ರೆ ತೊಳೆಯೋ ಸೋಪಿನಿಂದ ಎಣ್ಣೆಯಂಶ ಹೋಗೋ ತನಕ ತೊಳೆದು ಒಣಗಿಸಬೇಕು. ಆಮೇಲೆ ವಾಟರ್ ಪೇಪರ್. ಬಣ್ಣ ಎದ್ದ ಕಡೆ 400 ನಂಬರಿನಿಂದ ಅಂಚು ಇಳಿಸಿ, ಇಡೀ ಮೈಗೆ 800 ನಂಬರಿನಲ್ಲಿ ನೀರು ಹಾಕಿ ತಿಕ್ಕಬೇಕು. ಕಣ್ಣಿಗೆ ನುಣುಪು ಕಂಡರೂ ಬೆರಳಿಗೆ ಒರಟು ಸಿಗಬೇಕು, ಆ ಒರಟನ್ನೇ ಬಣ್ಣ ಕಚ್ಚಿ ಹಿಡಿಯೋದು. ಆಳವಾದ ಗೀರಿಗೆ ಮಾತ್ರ ತೆಳ್ಳಗೆ ಪುಟ್ಟಿ. ನಿಮ್ಮದು ಮೆಗ್ನೀಷಿಯಂ ಮಿಶ್ರಲೋಹದ ಮೈ ಆಗಿದ್ದರೆ ಬರೀ ಲೋಹ ಕಾಣೋ ತನಕ ತಿಕ್ಕಬೇಡಿ. ಅದರ ಪುಡಿ ಬೆಂಕಿ ಹಿಡಿಯುವಂಥದ್ದು, ಬರಿಮೈ ಬಿಟ್ಟರೆ ಬೇಗ ತಿನ್ನಿಸಿಕೊಳ್ಳುವಂಥದ್ದು. ಯಾವ ಪ್ಲಾಸ್ಟಿಕ್ ಅನ್ನೋದು ಹೆಚ್ಚಾಗಿ ಒಳಬದಿಯಲ್ಲೇ ಅಚ್ಚಾಗಿರತ್ತೆ, ಪಿಸಿ, ಎಬಿಎಸ್ ಅಂತ.

ಅದಾದಮೇಲೆ ಪ್ಲಾಸ್ಟಿಕ್ ಪ್ರೈಮರ್. ಕಾರಿನ ಬಂಪರಿಗೆ ಹೊಡೆಯೋದೇ ನಡೀತದೆ. ಆಮೇಲೆ ಬಣ್ಣ, ಆಮೇಲೆ ಕ್ಲಿಯರ್. ಎಲ್ಲವೂ 20-30 ಸೆಂಟಿಮೀಟರ್ ದೂರದಿಂದ, ತೆಳ್ಳಗೆ, ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಇಳಿಜಾರಿನಲ್ಲಿ ಕಣ್ಣೀರು ಇಳಿದ ಹಾಗೆ ಇಳೀತದೆ. ಮುಟ್ಟಿದರೆ ಅಂಟಲ್ಲ ಅನ್ನೋದಕ್ಕೂ ಒಣಗಿದೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಅಂಗೈ ಊರೋಕೆ ಮೊದಲು ಕಡಿಮೆ ಅಂದರೂ ಒಂದು ವಾರ ಕಾಯಿರಿ. ಗ್ಯಾರೇಜಿನಲ್ಲಿ ಹಾರ್ಡನರ್ ಬೆರೆಸಿ ಹೊಡೆಯುವ ಕ್ಲಿಯರ್ ಗಟ್ಟಿಮುಟ್ಟು, ಡಬ್ಬಿಯ ಸ್ಪ್ರೇಗಿಂತ ಎಷ್ಟೋ ವಾಸಿ, ಆದರೆ ಅದರಲ್ಲಿರುವ ಐಸೋಸಯನೇಟು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಮನೆ ಬಾಲ್ಕನಿಯಲ್ಲಿ ಅದನ್ನು ಹೊಡೆಯೋ ಸಾಹಸ ಬೇಡ. ಚಾಚಾನಿಗೂ ಸರಿಯಾದ ಮಾಸ್ಕ್ ಹಾಕ್ಕೊಳ್ಳಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. "ಮೂವತ್ತು ವರ್ಸ ಆತು, ಏನಾಗೇತಿ?" ಅಂತ ಕೆಮ್ತಾರೆ.

ಚಾಚಾ ಶೆಡ್ಡಿನಲ್ಲಿ ಯಾವುದೋ ಕಾರಿಗೆ ಹೊಡೆದು ಉಳಿದ ಬೆಳ್ಳಿ ಮೆಟಾಲಿಕ್ ಇತ್ತು. ಪುಕ್ಕಟೆ ಬರ್ತಿತ್ತು. ನಾನು ಬೇಡ ಅಂದೆ. ಪ್ಲಾಸ್ಟಿಕ್ ಮುಚ್ಚಳದ ಲ್ಯಾಪ್‌ಟಾಪುಗಳಲ್ಲಿ ವೈಫೈಯ ಆಂಟೆನಾ ಸಾಮಾನ್ಯವಾಗಿ ಸ್ಕ್ರೀನಿನ ಸುತ್ತ ಮುಚ್ಚಳದೊಳಗೇ ಇರತ್ತೆ. ಮೆಟಾಲಿಕ್‌ನಲ್ಲಿರೋದು ಅಲ್ಯೂಮಿನಿಯಂ ಚೂರು, ದಪ್ಪಗೆ ಹೊಡೆದರೆ ಸಿಗ್ನಲ್ಲಿಗೆ ಅಡ್ಡಿಯಾಗಬಹುದು. ಲೋಹದ ಮೈಯ ಲ್ಯಾಪ್‌ಟಾಪುಗಳಲ್ಲಿ ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಪಟ್ಟಿ ಬಿಟ್ಟಿರ್ತಾರಲ್ಲ, ಅದು ಇದಕ್ಕೇ. ಸಾದಾ ಬೂದುಬಣ್ಣ ಹೊಡೆಸಿದೆ. ಒಳಬದಿಗೆ ಹನಿ ಬಣ್ಣವೂ ಬೀಳಬಾರದು, ಅಲ್ಲಿರುವ ಲೋಹದ ಲೇಪ ಅರ್ಥಿಂಗಿಗೂ ಬೇಕು, ಆಚೀಚೆಯ ರೇಡಿಯೋ ಗದ್ದಲ ತಡೆಯೋಕೂ ಬೇಕು. ಗಾಳಿ ಕಿಂಡಿ, ಸ್ಕ್ರೂ ತೂತು, ಸೀರಿಯಲ್ ನಂಬರಿನ ಚೀಟಿ ಎಲ್ಲಕ್ಕೂ ಮಾಸ್ಕಿಂಗ್ ಟೇಪ್.

ಇನ್ನು ಮಳೆಗಾಲ ಮತ್ತು ಧೂಳು, ಕೊಂಢವಾದ ಎರಡು ಋತು! ಜೂನಿನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈ ಹಾಕಬೇಡಿ. ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬಿಳಿಚಿಕೊಳ್ಳತ್ತೆ. ಮಳೆ ನಿಂತಮೇಲೆ ಧೂಳು. ಕಾತ್ರಜ್-ಕೊಂಢವಾ ರಸ್ತೆ ಅಗಲ ಮಾಡ್ತೀವಿ ಅಂತ 2018ರಲ್ಲಿ ಶುರುಮಾಡಿ ವರ್ಷಗಟ್ಟಲೆ ಎಳೆದದ್ದನ್ನು ಇಲ್ಲಿಯವರು ಯಾರೂ ಮರೆಯಲ್ಲ. ಡಂಪರ್ ಒಂದು ಹೋದರೆ ಹಸೀ ಬಣ್ಣದ ಮೇಲೆ ರವೆ ಉದುರಿಸಿದ ಹಾಗೆ. ಚಾಚಾ ಬೆಳಗ್ಗೆ ಆರೂವರೆಗೇ ನೆಲಕ್ಕೆ ನೀರು ಚಿಮುಕಿಸಿ, ಹಳೇ ಸೀರೆ ಇಳಿಬಿಟ್ಟು ಹೊಡೆದು ಮುಗಿಸಿಬಿಡ್ತಾರೆ.

ಈಗ ಆ ಮುಚ್ಚಳ ಯಾರದ್ದು ಅನ್ನೋ ಮಾತು.

ಅದು ನನ್ನ ಅಕ್ಕನ ಮಗನದ್ದು. ಇಂಡಿ ತಾಲ್ಲೂಕಿನಿಂದ ಇಂಜಿನಿಯರಿಂಗ್ ಓದೋಕೆ ಪುಣೆಗೆ ಬಂದ ಹುಡುಗ. ಬರುವ ಮೊದಲೇ ಭಾವ ತೊಗರಿ ಮಾರಿದ ದುಡ್ಡಿನಲ್ಲಿ 18,000 ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದರು. ಯಾವ ಊರು, ಯಾವ ಅಂಗಡಿ ಅನ್ನೋದು ಇಲ್ಲಿ ಬೇಡ. "ಹೊಸಾದರ ಹಂಗ ಐತಿ ಮಾಮಾ, ಒಂದೂ ಗೀರಿಲ್ಲ" ಅಂತ ಫೋನಿನಲ್ಲಿ ಕುಣಿದಿದ್ದ. ನಿಜವೇ, ಒಂದೂ ಗೀರಿರಲಿಲ್ಲ. ಎರಡೇ ತಿಂಗಳಿಗೆ ಮುಚ್ಚಳ ಎತ್ತುವಾಗ ಎಡಗಡೆ ಕೀಲಿನ ಹತ್ತಿರ ಟಪ್ ಅಂತ ಸದ್ದಾಗಿ ಬಣ್ಣದ ಸಮೇತ ಒಂದು ತುಂಡು ಎದ್ದು ಬಂತು. ಕೆಳಗೆ ನೋಡಿದರೆ ಎಂ-ಸೀಲ್! ಕೀಲಿನ ಸ್ಕ್ರೂ ಕೂರುವ ಪ್ಲಾಸ್ಟಿಕ್ ಗುಬುಟುಗಳು ಯಾವಾಗಲೋ ಒಡೆದಿದ್ದವು, ಅದಕ್ಕೆ ಮೆತ್ತಿ, ಮೇಲೆ ಚೆಂದಾಗಿ ಬಣ್ಣ ಹೊಡೆದು ಮಾರಿದ್ದರು. ಬಿಲ್ಲು ಅಂತ ಕೊಟ್ಟಿದ್ದು ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ ಮೊತ್ತ. ಫೋನ್ ಮಾಡಿದರೆ, "ನೀವೇ ಬೀಳಿಸಿದ್ದೀರಿ" ಅಂತ.

ಹುಡುಗ ಅದನ್ನು ಕ್ಲಾಸಿಗೆ ಒಯ್ಯೋದು ಬಿಟ್ಟ. ಸೆಲ್ಲೋಟೇಪ್ ಸುತ್ತಿದ ಲ್ಯಾಪ್‌ಟಾಪ್ ತೆಗೆದರೆ ಪಕ್ಕದವರು ನೋಡ್ತಾರಂತೆ. ಹಾಸ್ಟೆಲಿನಲ್ಲಿ ಎಲ್ಲರೂ ಮಲಗಿದಮೇಲೆ ತೆಗೀತಿದ್ದ. ಅಪ್ಪನಿಗೆ ಹೇಳಬೇಡ ಮಾಮಾ ಅಂದ. ಬಣ್ಣ ಬರೀ ಶೋಕಿ ಅನ್ನೋರಿಗೆ ನಾನು ಈ ಹುಡುಗನನ್ನು ತೋರಿಸ್ತೀನಿ. ಬಣ್ಣ ಮೋಸ ಅನ್ನೋರಿಗೂ ಇವನನ್ನೇ ತೋರಿಸ್ತೀನಿ!

ತಾಪ್ಕೀರ್ ಗಲ್ಲಿಯ ಸುತ್ತಮುತ್ತ ವಿಚಾರಿಸುತ್ತಾ ಹೋಗಿ ಅದೇ ಮಾಡೆಲಿನ ಕೆಟ್ಟ ಲ್ಯಾಪ್‌ಟಾಪಿನಿಂದ ಬಿಚ್ಚಿದ ಮುಚ್ಚಳ 900 ರೂಪಾಯಿಗೆ ಸಿಕ್ಕಿತು. ಗುಬುಟು ಗಟ್ಟಿಯಾಗಿತ್ತು, ಆದರೆ ಬಣ್ಣ ಕಡುಗೆಂಪು, ಮೇಲೆ ಯಾರದೋ ಕಂಪನಿಯ ಸ್ಟಿಕ್ಕರ್ ಕಿತ್ತ ಕಲೆ. ಹುಡುಗನದ್ದು ಬೂದು. ಚಾಚಾನ ಹತ್ತಿರ ಹೋಗಿದ್ದು ಹೀಗೆ, 2025ರ ದೀಪಾವಳಿ ಆದಮೇಲೆ. ತಿಕ್ಕಿದ್ದು ಹುಡುಗ, ಒಂದು ಭಾನುವಾರ ಪೂರ್ತಿ. ಚಾಚಾ ತಗೊಂಡಿದ್ದು 700. ಒಟ್ಟು 1,600 ರೂಪಾಯಿಗೆ ಲ್ಯಾಪ್‌ಟಾಪ್ ಕ್ಲಾಸಿಗೆ ಹೋಗೋಕೆ ಶುರುವಾಯಿತು. ಹಿಂದಿನದೂ ಬಣ್ಣವೇ, ಇದೂ ಬಣ್ಣವೇ. ಅದರಡಿ ಒಡಕಿತ್ತು, ಇದರಡಿ ಗಟ್ಟಿ ಭಾಗ ಇದೆ. ಜೋಡಿಸುವ ಮೊದಲು ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆಸಿದೆ: "ಮುಚ್ಚಳ ಬದಲಿಸಿದೆ, ಬಣ್ಣ ಹೊಡೆದಿದೆ, ನವೆಂಬರ್ 2025". ನಾಳೆ ಇವನು ಇನ್ನೊಬ್ಬನಿಗೆ ಮಾರಿದರೆ ಬಿಚ್ಚಿದವನಿಗೆ ಗೊತ್ತಾಗಲಿ.

ಸೆಕೆಂಡ್ ಹ್ಯಾಂಡ್ ವ್ಯಾಪಾರವನ್ನೇ ಬೈಯೋಕೆ ನಾನು ಹೊರಟಿಲ್ಲ. ಆ ಮಾರುಕಟ್ಟೆ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಕಂಪ್ಯೂಟರೇ ಸಿಗಲ್ಲ. ಆಫೀಸುಗಳು ನಾಲ್ಕೈದು ವರ್ಷಕ್ಕೆ ಹೊರಹಾಕುವ ಯಂತ್ರಗಳನ್ನು ಶುಚಿ ಮಾಡಿ, ಬಣ್ಣ ಹೊಡೆದು, ವಾರಂಟಿ ಕೊಟ್ಟು ಮಾರೋ ಸಂಭಾವಿತರೂ ಇದ್ದಾರೆ. ನನ್ನ ತಕರಾರು ಹೇಳದೇ ಮಾರೋರ ಮೇಲೆ. ಹಳೇದನ್ನೋ ರಿಪೇರಿ ಮಾಡಿದ್ದನ್ನೋ ಹೊಸದು ಅಂತ ಹೇಳಿ ಮಾರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತ ಸ್ಪಷ್ಟವಾಗಿದೆ. ಬಿಲ್ಲು ಕೊಡದೇ ಇರೋದೂ ಅದೇ ಪಟ್ಟಿಯಲ್ಲಿದೆ. ಆದರೆ ಹಳೇದು ಅಂತ ಒಪ್ಪಿಕೊಂಡೇ ಮಾರಿ, ಒಡಕನ್ನು ಮಾತ್ರ ಬಣ್ಣದಡಿ ಅಡಗಿಸಿದರೆ? ಅದನ್ನು ಸಾಬೀತು ಮಾಡೋಕೆ ಹತ್ತೊಂಬತ್ತು ವರ್ಷದ ಹುಡುಗ ಇಂಡಿಗೂ ಪುಣೆಗೂ ಎಷ್ಟು ಸಲ ಬಸ್ಸು ಹತ್ತಬೇಕು? ಕಾರಿನವರು ಮಾರುವಾಗ "ಒಂದು ಡೋರು ರೀಪೇಂಟ್ ಆಗಿದೆ" ಅಂತ ಹೇಳ್ತಾರೆ, ಕೇಳೋರೂ ಕೇಳ್ತಾರೆ. ಆ ರೂಢಿ ಲ್ಯಾಪ್‌ಟಾಪಿಗೂ ಬರಬೇಕು. ಬಿಲ್ಲಿನಲ್ಲಿ ಒಂದೇ ಸಾಲು ಸಾಕು, ಏನೇನು ಬದಲಾಗಿದೆ, ಎಲ್ಲಿ ಬಣ್ಣ ಹೊಡೆದಿದೆ ಅಂತ.

ಅಲ್ಲಿಯ ತನಕ ಊರಿಂದ ಹುಡುಗರು ಬಂದು ಲ್ಯಾಪ್‌ಟಾಪ್ ಕೊಳ್ಳೋಕೆ ಹೊರಟರೆ ನಾವು ಮಾಮಾ ಕಾಕಾಗಳು ಜೊತೆಗೆ ಹೋಗೋದೇ ವಾಸಿ. ಸ್ಕ್ರೂವಿನ ತಲೆಯೊಳಗೆ ಬಣ್ಣ ಸಿಕ್ಕಿಕೊಂಡಿದೆಯಾ, ಗಾಳಿ ಕಿಂಡಿಯ ಅಂಚು ದಪ್ಪಗಿದೆಯಾ, ಕೆಳಗಿನ ಚೀಟಿ ಕಿತ್ತಿದ್ದಾರಾ ನೋಡಿ. ಮುಚ್ಚಳವನ್ನು ನಿಧಾನಕ್ಕೆ ಪೂರ್ತಿ ತೆರೆದು ಮುಚ್ಚಿ, ಕೀಲಿನ ಬದಿಯ ಮೂಲೆ ಬಾಯಿ ಬಿಡ್ತದಾ ಗಮನಿಸಿ. ಬೆರಳಿನಿಂದ ತಟ್ಟಿ, ಮೆತ್ತಿದ ಜಾಗದ ಸದ್ದು ಬೇರೆ. ಬಯೋಸಿನಲ್ಲಿ ಕಾಣುವ ಸೀರಿಯಲ್ ನಂಬರ್ ಕೆಳಗಿನ ಚೀಟಿಯದಕ್ಕೆ ಹೊಂದಬೇಕು. ಬಣ್ಣ ಹೊಡೆದು ವಯಸ್ಸು ಮುಚ್ಚಬಹುದು, ಬ್ಯಾಟರಿಯದ್ದು ಮುಚ್ಚೋದು ಕಷ್ಟ. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆ ಕೊಟ್ಟು ಬ್ಯಾಟರಿ ರಿಪೋರ್ಟ್ ತೆಗೆದರೆ ಹುಟ್ಟಿದಾಗಿನ ಕೆಪ್ಯಾಸಿಟಿ ಎಷ್ಟು, ಈಗ ತುಂಬೋದು ಎಷ್ಟು, ಎರಡೂ ಕಾಣತ್ತೆ. ಡಿಸ್ಕು ಬದಲಾಗಿರದಿದ್ದರೆ ಅದು ಎಷ್ಟು ಗಂಟೆ ಓಡಿದೆ ಅನ್ನೋದೂ ಸಿಗತ್ತೆ. ಟಚ್‌ಪ್ಯಾಡ್ ಉಬ್ಬಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಕೆಳಗಿನ ಬ್ಯಾಟರಿ ಊದಿಕೊಂಡಿರೋ ಲಕ್ಷಣ, ಯಾವ ಬಣ್ಣಕ್ಕೂ ಬಗ್ಗಲ್ಲ.

ಸ್ಟಿಕ್ಕರ್ ಸ್ಕಿನ್ ಅಂಟಿಸಿದರೆ ಸಾಲದಾ ಅಂತ ಕೇಳ್ತಾರೆ. ಸಣ್ಣ ಗೀರಿಗೆ ಸಾಕು. ಎದ್ದ ಬಣ್ಣದ ಮೇಲೆ ಅಂಟಿಸಿದರೆ ಕಿತ್ತಾಗ ಉಳಿದ ಬಣ್ಣವನ್ನೂ ಎಳ್ಕೊಂಡು ಬರತ್ತೆ, ಬೇಸಿಗೆಯಲ್ಲಿ ಅಂಚು ಸುರುಳಿ ಸುತ್ತಿ ಅಂಟು ಹೊರಗೆ ಬರತ್ತೆ. ನನಗಂತೂ ಅದು ಹರಿದ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ ಹಾಗೆ ಕಾಣತ್ತೆ. ಇನ್ನು ಕೆಲವರಿಗೆ ಗೀರೇ ಹೆಮ್ಮೆ, ಇಷ್ಟು ದುಡಿದಿದೆ ಅಂತ. ಅವರ ತಂಟೆಗೆ ನಾನು ಹೋಗಲ್ಲ. ವಾರಂಟಿ ಇನ್ನೂ ಉಳಿದಿರೋ ಯಂತ್ರವಾದರೆ ಮುಗಿಯೋ ತನಕ ಬಿಚ್ಚದೇ ಇರೋದೇ ಒಳ್ಳೆಯದು, ಬಣ್ಣ ನೋಡಿದ ಕೂಡಲೇ ಸರ್ವಿಸ್ ಸೆಂಟರಿನವರು ತಗಾದೆ ತೆಗೀಬಹುದು.

ಹುಡುಗನದ್ದು ಮುಗಿದಮೇಲೆ ನನ್ನ ಹಳೇ ಲ್ಯಾಪ್‌ಟಾಪಿನದ್ದನ್ನು ನಾನೇ ಟೆರೇಸಿನ ಮೇಲೆ ಡಬ್ಬಿ ಸ್ಪ್ರೇಯಿಂದ ಹೊಡೆದೆ, ಡಂಪರುಗಳು ಏಳೋ ಮೊದಲು. ಅಂಗೈ ಇಡೋ ಜಾಗಕ್ಕೆ ಕ್ಲಿಯರ್ ಒಂದು ಕೈ ಜಾಸ್ತಿ ಬೇಕಾಗತ್ತೆ, ಅಲ್ಲಿಯದ್ದೇ ಮೊದಲು ಸವೆಯೋದು. ಡಬ್ಬಿಗೆ ಮುನ್ನೂರು ನಾನೂರು ರೂಪಾಯಿ, ಎರಡು ಲ್ಯಾಪ್‌ಟಾಪಿಗೆ ಸಾಕಾಗಿ ಮಿಗತ್ತೆ. ಕೆಲಸ ಮುಗಿದಮೇಲೆ ಡಬ್ಬಿ ತಲೆಕೆಳಗು ಮಾಡಿ ಬರೀ ಗಾಳಿ ಬರೋ ತನಕ ಒತ್ತಿ ಇಟ್ಟರೆ ನಳಿಕೆ ಕಟ್ಟಿಕೊಳ್ಳಲ್ಲ. ನನ್ನ ಹತ್ತಿರ ಪ್ಲಾಸ್ಟಿಕ್ ಪ್ರೈಮರ್ ಅರ್ಧ ಡಬ್ಬಿ, 800 ನಂಬರಿನ ವಾಟರ್ ಪೇಪರ್ ಮೂರು ಹಾಳೆ ಉಳಿದಿವೆ. ಕೊಂಢವಾದಲ್ಲೋ ಕಾತ್ರಜ್ ಕಡೆಯೋ ಇರುವ ನಮ್ಮವರು ಯಾರಾದರೂ ಈ ಕೆಲಸಕ್ಕೆ ಇಳಿಯೋದಾದರೆ ಬಂದು ಒಯ್ಯಬಹುದು, ಜೂನಿನ ಒಳಗೆ.